ಶುಕ್ರವಾರ ಹೊರಡದ ಮರಿಯಮ್ಮ

ಆ ಸಂಜೆ ಹಿಮ ಬೀಳುತ್ತಿತ್ತೋ ಇಲ್ಲವೋ ನನಗೆ ಸರಿಯಾಗಿ ಗೊತ್ತಿಲ್ಲ. ಬೀಳುತ್ತಿತ್ತು ಎನ್ನುತ್ತಾಳೆ ಅಕ್ಕ. ನನ್ನ ನೆನಪಿನಲ್ಲಿ ಆಕಾಶ ಒಣಗಿತ್ತು, ಬಾಗಿಲ ಹೊರಗೆ ನಿಂತವರ ಬಾಯಿಂದ ಹಬೆ ಮಾತ್ರ ಬರುತ್ತಿತ್ತು. ಫೋನು ಬಂದದ್ದು ಪ್ರಾರ್ಥನೆಯ ನಡುವೆಯೋ, ಮುಗಿದ ಮೇಲೋ ಎಂಬುದರಲ್ಲೂ ನಮ್ಮಿಬ್ಬರಿಗೆ ಹೊಂದಿಕೆಯಿಲ್ಲ. ಗುಡೇಕೋಟೆಯ ಹೆಂಗಸರ ಮುಂದೆ ಅಕ್ಕ ಇದನ್ನು ಪವಾಡವೆಂದು ಹೇಳುತ್ತಾಳೆ. ಹಗರಿಬೊಮ್ಮನಹಳ್ಳಿಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನು ಬಿ.ಪಿ., ಇಂಜೆಕ್ಷನ್, ಒಳ್ಳೆಯ ಡಾಕ್ಟರು ಎಂದು ಹೇಳುತ್ತೇನೆ. ಎರಡೂ ಕಡೆ ಕೇಳಿದವರು ತಲೆಯಾಡಿಸುತ್ತಾರೆ.

ನಾನು ಧಾರವಾಡದಲ್ಲಿ ಮನಃಶಾಸ್ತ್ರ ಓದಿದವನು. ಕಣ್ಣಾರೆ ಕಂಡೆ ಎನ್ನುವವರ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬ ಪಾಠವನ್ನು ಪ್ರತಿ ವರ್ಷವೂ ಮಾಡುತ್ತೇನೆ. ನೆನಪು ಪೆಟ್ಟಿಗೆಯಲ್ಲಿ ಇಟ್ಟ ವಸ್ತುವಲ್ಲ, ತೆಗೆದಾಗಲೆಲ್ಲ ಹೊಸದಾಗಿ ಮಾಡುವ ಅಡುಗೆ ಎಂದು ಹುಡುಗರಿಗೆ ಹೇಳಿ ನಗಿಸುತ್ತೇನೆ. ಹಾಗಾಗಿ ಇದನ್ನು ಓದುವವರು ನನ್ನನ್ನು ಪೂರ್ತಿ ನಂಬಬೇಕಾಗಿಲ್ಲ.

ಹೊರಟದ್ದು

ನನ್ನ ಅಕ್ಕ ಮಾಳಮ್ಮನಿಗೆ ಒಬ್ಬಳೇ ಮಗಳು, ನಾಗವೇಣಿ. ನರ್ಸಿಂಗ್ ಕಲಿತು ಆಸ್ಟ್ರಿಯಾ ದೇಶದ ಒಂದು ಬೆಟ್ಟದ ಕಣಿವೆಗೆ ಹೋಗಿ, ಅಲ್ಲಿನ ವೃದ್ಧರ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿ, ಅದೇ ಊರಿನ ಬಡಗಿ ಮಾರ್ಟಿನ್‌ನನ್ನು ಮದುವೆಯಾದಳು. ಎರಡು ಸಲ ಬಸುರಾಗಿ ಎರಡು ಸಲವೂ ನಿಲ್ಲಲಿಲ್ಲ. ಮೂರನೆಯದು ಎಂಟನೇ ತಿಂಗಳಿಗೆ ಬಂದಿತ್ತು. ಡಿಸೆಂಬರಿನಲ್ಲಿ ಅಕ್ಕ ಬಾಣಂತನಕ್ಕೆ ಹೊರಡುವುದೆಂದಾಯಿತು. ಭಾವನಿಗೆ ಕುರಿ ಬಿಟ್ಟು ಕದಲಲು ಆಗುವುದಿಲ್ಲ. ಜೊತೆಗೆ ಹೋಗುವವನು ನಾನೇ ಎಂದು ಅಕ್ಕ ತಾನೇ ತೀರ್ಮಾನಿಸಿದಳು.

“ನೀ ದೇವ್ರು ದಿಂಡ್ರು ಅನ್ನಂಗಿಲ್ಲ ನೋಡು, ಅದಕ್ಕ ನೀನ ಬಾ. ಕಂಡ ಕಂಡ ಗುಡಿ ಮುಂದ ನಿಂತು ಹೊತ್ತು ಕಳಿಯಂಗಿಲ್ಲ,” ಎಂದಳು.

ಅವಳ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಬೇರೆಯದೇ ಹೆಚ್ಚು. ಬಾಣಂತಿಗೆಂದು ಅಂಟಿನುಂಡಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಹಸಿರು ಬಳೆ, ರವಿಕೆಗೆಂದು ಹಸಿರು ಕಣ. ಮಗಳಿಗೆ ಕುಬಸ, ಅಂದರೆ ಸೀಮಂತ, ಮಾಡಲು ಆಗಿರಲಿಲ್ಲವಲ್ಲ, ಅಲ್ಲಿಗೆ ಹೋದ ಕೂಡಲೇ ಕುಬಸ ಮಾಡಿ ಉಡಿ ತುಂಬುವುದು ಅವಳ ಯೋಜನೆ. ಎಲ್ಲದರ ಮೇಲೆ ಒಂದು ಕರಿ ಕಂಬಳಿ. ಹಡಗಲಿ ಮಲ್ಲಿಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ಯಬೇಕೆಂದು ಹಟ ಮಾಡಿದಳು. ಬೇಡವೆಂದು ಹೇಳುವುದರಲ್ಲಿ ನನಗೆ ಸಾಕಾಯಿತು.

ಮ್ಯೂನಿಕ್‌ನಲ್ಲಿ ಇಳಿದಾಗ ತಪಾಸಣೆಯವನು ಅಂಟಿನುಂಡಿಯ ಡಬ್ಬಿ ತೆರೆಸಿದ. ಇದೇನು ಎಂದು ನನ್ನನ್ನು ಕೇಳಿದ. ಅಂಟಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನಾನು ಯೋಚಿಸುತ್ತ ನಿಂತೆ. ಅಷ್ಟರಲ್ಲಿ ಅಕ್ಕ ಒಂದು ಉಂಡಿ ಎತ್ತಿ, ತನ್ನ ಹೊಟ್ಟೆಯ ಮುಂದೆ ದೊಡ್ಡ ಗುಂಡು ಬರೆದು, ಕೈಯಲ್ಲಿ ಕೂಸು ತೂಗಿ, ಉಂಡಿಯನ್ನು ಅವನ ಮೂಗಿನ ಹತ್ತಿರ ಹಿಡಿದಳು. ಅವನು ಮೂಸಿದ. ನಕ್ಕ. ಮುಚ್ಚಳ ತಾನೇ ಮುಚ್ಚಿಕೊಟ್ಟ.

“ನೋಡು,” ಎಂದಳು ಅಕ್ಕ. “ಅಷ್ಟು ಓದಿ ಏನ್ ಮಾಡ್ದಿ?”

ನಾಲ್ಕು ಮೇಣದ ಬತ್ತಿ

ರೈಲು ಇಳಿದು, ಬಸ್ಸು ಹಿಡಿದು, ಬೆಟ್ಟಗಳ ನಡುವಿನ ಊರು ಸೇರಿದೆವು. ಕರಡಿಗಳಿರುವ ನಮ್ಮ ಗುಡೇಕೋಟೆಯ ಗುಡ್ಡಗಳು ಯಾರೋ ದೊಡ್ಡ ಬಂಡೆಗಳನ್ನು ಆಟವಾಡಿ ಬಿಟ್ಟು ಹೋದಂತಿವೆ. ಅಲ್ಲಿನ ಬೆಟ್ಟಗಳಿಗೆ ಶಿಸ್ತು ಹೆಚ್ಚು, ಕೆಳಗೆ ಕಪ್ಪು ಮರ, ಮೇಲೆ ಬಿಳಿ. ಅಕ್ಕ ಕಿಟಕಿಯಲ್ಲಿ ಬಹಳ ಹೊತ್ತು ನೋಡಿ, “ಕರಡಿ ಅದಾವೇನು?” ಎಂದು ಕೇಳಿದಳು. ಇಲ್ಲವೆಂದೆ. ಅವಳಿಗೆ ಬೆಟ್ಟದ ಮೇಲಿನ ಗೌರವ ಸ್ವಲ್ಪ ಕಡಿಮೆಯಾದಂತೆ ಕಂಡಿತು.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಕೊಟ್ಟೂರಿನ ಬಸ್ಸಿನಲ್ಲಿ ಪಕ್ಕದವನು ಕುಳಿತ ಕೂಡಲೇ ಯಾವೂರು, ಎಷ್ಟು ಮಕ್ಕಳು ಎಂದು ಕೇಳುತ್ತಾನೆ. ಇಲ್ಲಿ ಪಕ್ಕದವಳು ನನ್ನ ಕೋಟಿನ ತುದಿ ತನಗೆ ತಾಗಿದ್ದಕ್ಕೆ ತಾನೇ ಕ್ಷಮೆ ಕೇಳಿದಳು.

ವೇಣಿ ಬಾಗಿಲಲ್ಲಿ ನಿಂತಿದ್ದಳು. ಮುಖ ಊದಿತ್ತು. ಅಕ್ಕ ಅದನ್ನು ನೋಡಿದಳು. ಮಾರ್ಟಿನ್ ನಮ್ಮ ಪೆಟ್ಟಿಗೆಗಳನ್ನು ಎರಡೂ ಹೆಗಲಿಗೆ ಏರಿಸಿಕೊಂಡು, “ಊಟ ಆತೇನ್ರಿ ಅತ್ತಿ?” ಎಂದ. ಅವನಿಗೆ ಬರುತ್ತಿದ್ದ ಕನ್ನಡ ಅಷ್ಟೇ. ಬೆಳಿಗ್ಗೆ ಎದ್ದಾಗಲೂ ಅದನ್ನೇ ಕೇಳುತ್ತಿದ್ದ, ಮಲಗುವಾಗಲೂ ಅದನ್ನೇ.

ಮರುದಿನ ಬೆಳಿಗ್ಗೆ ಮೊದಲ ಅನಾಹುತ. ಊಟದ ಮೇಜಿನ ಮೇಲೆ ಹಸಿರು ಎಲೆಗಳ ಒಂದು ಸಿಂಬಿ, ಅದರಲ್ಲಿ ನಾಲ್ಕು ಮೇಣದ ಬತ್ತಿಗಳಿದ್ದವು. ಎರಡು ಮಾತ್ರ ಉರಿದು ಗಿಡ್ಡಾಗಿದ್ದವು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಕ್ಕ ನಾಲ್ಕನ್ನೂ ಹಚ್ಚಿ ಕೈ ಮುಗಿದು ನಿಂತಿದ್ದಳು. ಮಾರ್ಟಿನ್ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ. ಒಂದು ಹಬ್ಬವನ್ನು ಎರಡು ವಾರ ಮುಂಚೆ ಮಾಡಿಬಿಟ್ಟವರನ್ನು ನೋಡುವ ಮುಖ.

ವೇಣಿ ನಗುತ್ತ ತಿಳಿಸಿ ಹೇಳಿದಳು. ಕ್ರಿಸ್‌ಮಸ್ಸಿಗೆ ಮೊದಲಿನ ನಾಲ್ಕು ಭಾನುವಾರಗಳನ್ನು ಇಲ್ಲಿನವರು ಆಗಮನ ಕಾಲ ಎನ್ನುತ್ತಾರೆ. ವಾರಕ್ಕೊಂದು ಬತ್ತಿ. ಬರುವವನಿಗಾಗಿ ಕಾಯುವುದೇ ಪೂಜೆ. ಅಲ್ಲಿಯತನಕ ಚರ್ಚಿನಲ್ಲಿ ಹೂವು ಕಡಿಮೆ, ಪಾದ್ರಿಗೆ ನೇರಳೆ ಬಟ್ಟೆ, ಕ್ರಿಸ್‌ಮಸ್ ಕೊಟ್ಟಿಗೆಯ ಬೊಂಬೆಗಳಲ್ಲಿ ಕೂಸಿನ ಜಾಗ ಖಾಲಿ.

“ದೀಪ ಅಂದ್ಮ್ಯಾಗ ಒಂದು ಹಚ್ಚಿ ಒಂದು ಬಿಡ್ತಾರೇನು?” ಎಂದಳು ಅಕ್ಕ. ಆಮೇಲೆ ಮಗಳ ಹೊಟ್ಟೆ ನೋಡಿದಳು. “ಹಂಗಾರ ತಿಂಗಳು ಎಣಿಸಿದಂಗ ಅನ್ನು.” ತಾನೇ ಎರಡು ಬತ್ತಿ ಊದಿದಳು. ಬಾಯಿಂದ ದೀಪ ಆರಿಸಬಾರದೆಂದು ಊದುವಾಗ ನೆನಪಾಗಿ, ಕೆನ್ನೆ ಬಡಿದುಕೊಂಡಳು.

ರಾತ್ರಿ ಊಟಕ್ಕೆ ಮುಂಚೆ ಮಾರ್ಟಿನ್ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದ. ನಾನು ಚಮಚ ಹಿಡಿದು ಕಾಯುತ್ತಿದ್ದೆ. ಏನು ಕೇಳಿಕೊಳ್ಳುತ್ತೀ ಎಂದು ಒಮ್ಮೆ ಇಂಗ್ಲಿಷಿನಲ್ಲಿ ಕೇಳಿದೆ. “ಕೇಳಿಕೊಳ್ಳುವುದನ್ನು ಎರಡನೇ ಸಲದ ನಂತರ ಬಿಟ್ಟೆ. ಈಗ ಸುಮ್ಮನೆ ಅವನ ಮುಂದೆ ಕೂತಿರುತ್ತೇನೆ,” ಎಂದ. ಪ್ರಾರ್ಥನೆ ಎಂದರೆ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಎಂದು ಎಂ.ಎ.ಯಲ್ಲಿ ಓದಿ ಪಾಸಾದವನು ನಾನು. ಅವನ ಮುಖದಲ್ಲಿ ಸಮಾಧಾನವೇನೂ ಇರಲಿಲ್ಲ.

ಬೇಲಿಯಾಚೆ

ವೇಣಿಯ ಮನೆ ದಾಟಿ ಮುಂದಿನ ಮನೆ ಸೆಪ್‌ನದು. ವಯಸ್ಸು ಎಂಬತ್ತು ದಾಟಿತ್ತು, ಕುರಿ ಸಾಕುವವನು. ಅವನ ಹೆಂಡತಿ ಹಿಂದಿನ ವಸಂತದಲ್ಲಿ ತೀರಿಕೊಂಡಿದ್ದಳು. ಕುರಿಯ ವಾಸನೆ ಹಿಡಿದೇ ಅಕ್ಕ ಬೇಲಿಯ ತನಕ ಹೋದಳು. ಅರ್ಧ ಗಂಟೆ ಕಳೆದು ನಾನು ಹುಡುಕಿಕೊಂಡು ಹೋದಾಗ ಇಬ್ಬರೂ ಮಾತಾಡುತ್ತಿದ್ದರು. ಅಕ್ಕ ಕನ್ನಡದಲ್ಲಿ, ಅವನು ತನ್ನ ಕಣಿವೆಯ ಜರ್ಮನ್‌ನಲ್ಲಿ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುತ್ತಿದ್ದರು.

“ಏನ್ ಹೇಳ್ತಾನ?” ಎಂದೆ.

“ಏನ್ ಹೇಳ್ತಾನ, ಕುರಿ ವಿಷಯ. ಇಲ್ಲಿ ಕುರಿಗಿ ಮೈತುಂಬ ಎಷ್ಟು ಉಣ್ಣೆ ಐತಿ ನೋಡು. ನಮ್ಮವು ಪಾಪ, ಬಿಸಲಾಗ ಕೂದ್ಲ ಉದುರಿ ಹೊಕ್ಕಾವು.”

ಸೆಪ್ ಬಗ್ಗೆ ಮಾರ್ಟಿನ್ ಇನ್ನೊಂದು ವಿಷಯ ಹೇಳಿದ. ಆ ಊರಿನಲ್ಲಿ ಕ್ರಿಸ್‌ಮಸ್ಸಿಗೆ ಮುಂಚಿನ ಒಂಬತ್ತು ಸಂಜೆ ಮಾತೆ ಮರಿಯಳ ಮರದ ಮೂರ್ತಿಯನ್ನು ಮನೆಯಿಂದ ಮನೆಗೆ ಹೊತ್ತೊಯ್ಯುತ್ತಾರೆ. ತುಂಬಿದ ಬಸುರಿ, ತಂಗಲು ಜಾಗ ಹುಡುಕುತ್ತ ಬರುವವಳು. ಒಂದು ಮನೆಯಲ್ಲಿ ಒಂದು ರಾತ್ರಿ. ಮರುದಿನ ಮುಸ್ಸಂಜೆ ಮುಂದಿನ ಮನೆ. ಒಂಬತ್ತು ಮನೆಗೆ ಮಾತ್ರ ಪಾಳಿ. ಈ ವರ್ಷ ಗುರುವಾರ ನಮ್ಮ ಮನೆ, ಶುಕ್ರವಾರ ಸೆಪ್‌ನ ಮನೆ. ಹೆಂಡತಿಯಿಲ್ಲದ ಮೊದಲ ಆಗಮನ ಕಾಲ ಇದು. ಯಾರ ಮನೆಗೂ ಹೋಗದವನು ತಾನಾಗಿ ಹೋಗಿ ಪಾಳಿ ಕೇಳಿದ್ದನಂತೆ. ವಾರದಿಂದ ಮನೆ ತೊಳೆಯುತ್ತಿದ್ದಾನೆ ಎಂದ ಮಾರ್ಟಿನ್.

ಅಕ್ಕನಿಗೆ ಇದನ್ನೆಲ್ಲ ವೇಣಿ ಕನ್ನಡದಲ್ಲಿ ಹೇಳಿದಳು. ಅಕ್ಕ ಕೇಳಿದ್ದು ಒಂದೇ. “ಗಂಡ ಎಲ್ಲಿ? ತುಂಬಿದ ಬಸುರಿನ್ನ ಒಬ್ಬಾಕಿನ್ನ ಚಳಿಯಾಗ ಅಡ್ಡಾಡಿಸ್ತಾರಲ್ಲ!”

ಗುರುವಾರ

ಬುಧವಾರ ವೇಣಿಗೆ ತಲೆನೋವು ಎದ್ದಿತು. ಕಣ್ಣ ಮುಂದೆ ಚುಕ್ಕಿ ಕಾಣುತ್ತವೆ ಎಂದಳು. ನರ್ಸ್ ಆದವಳಿಗೆ ಅದರ ಅರ್ಥ ಗೊತ್ತಿತ್ತು, ತಾನೇ ಚೀಲ ತುಂಬಿಕೊಂಡಳು. ಕಣಿವೆಯ ಕೆಳಗಿನ ಪಟ್ಟಣದ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದವರು ಅವಳನ್ನು ಮನೆಗೆ ಬಿಡಲಿಲ್ಲ. ಇಳಿದರೆ ಸರಿ, ಇಳಿಯದಿದ್ದರೆ ಕೂಸನ್ನು ಬೇಗ ತೆಗೆಯಬೇಕು, ಇಬ್ಬರಿಗೂ ಅಪಾಯವಿದೆ ಎಂದರು. ಮಾರ್ಟಿನ್ ಅಲ್ಲೇ ಉಳಿದ. ಅಕ್ಕ ಮತ್ತು ನಾನು ಬಸ್ಸಿನಲ್ಲಿ ಮರಳಿದೆವು. ಒಳ್ಳೆಯ ದಿನ ಬರಲೆಂದು ಅಕ್ಕ ಕಾದಿರಿಸಿದ್ದ ಕುಬಸದ ಸಾಮಾನು ಪೆಟ್ಟಿಗೆಯಲ್ಲೇ ಇತ್ತು.

ಗುರುವಾರ ಮೂರ್ತಿ ಬರುವುದನ್ನು ನಿಲ್ಲಿಸೋಣವೇ ಎಂದು ಕೇಳಲು ನಾನು ಆಸ್ಪತ್ರೆಗೆ ಫೋನು ಮಾಡಿದೆ. ವೇಣಿ ನಿಲ್ಲಿಸಬೇಡ ಎಂದಳು. “ಬರ್ಲಿ ಮಾಮಾ. ಮನಿಗೆ ಬಂದಾಕಿನ್ನ ಬ್ಯಾಡ ಅನ್ನಬಾರ್ದು. ಬಾಗಲ ತಗಿ, ಸಾಕು.”

ಇಲ್ಲಿ ಎರಡನೇ ಅನಾಹುತ. ಬಾಗಿಲಲ್ಲಿ ನಡೆಯುವುದು ಒಂದು ಹಾಡಿನ ಸಂವಾದ. ಹೊರಗಿನವರು ಜಾಗ ಕೇಳಿ ಹಾಡಬೇಕು, ಒಳಗಿನವರು ಇಲ್ಲ, ಮುಂದೆ ಹೋಗಿ ಎಂದು ಹಾಡಬೇಕು. ಹಾಗೆ ಮತ್ತೆ ಮತ್ತೆ ನಡೆದು ಕೊನೆಗೆ ಬಾಗಿಲು ತೆರೆಯಬೇಕು. ಒಳಗಿನವರ ಪಾಲನ್ನೂ ಹೊರಗಿನವರೇ ಹಾಡುತ್ತಾರೆ, ನಾವು ಕಾದರೆ ಸಾಕು ಎಂದು ಮಾರ್ಟಿನ್ ನನಗೆ ಹೇಳಿದ್ದ. ಹೊರಗೆ ಮೊದಲ ಸಾಲು ಕೇಳಿದ್ದೇ ಅಕ್ಕ ಬಾಗಿಲು ತೆಗೆದುಬಿಟ್ಟಳು.

“ಚಳಿಯಾಗ ನಿಂತು ಎಂಥಾ ಹಾಡ್ರಿ? ಒಳಗ ಬರ್ರಿ, ಬರ್ರಿ!”

ಹತ್ತು ಹನ್ನೆರಡು ಜನ ಬಾಯಿ ತೆರೆದು ನಿಂತರು. ಮುಂದೆ ಮೂರ್ತಿ ಹಿಡಿದವಳು ರೋಸಾ ಎಂಬ ಅರವತ್ತರ ಹೆಂಗಸು. ಹಿಂದೆ ಹೋಟೆಲಿನಲ್ಲಿ ಕೆಲಸ ಮಾಡಿದವಳಾದ್ದರಿಂದ ಇಂಗ್ಲಿಷ್ ಬರುತ್ತಿತ್ತು. “ಇನ್ನೂ ನಾಲ್ಕು ಚರಣ ಇದೆ,” ಎಂದಳು ನನಗೆ. ಅಷ್ಟರಲ್ಲಿ ಅಕ್ಕ ಅವಳ ಮೊಣಕೈ ಹಿಡಿದು ಒಳಗೆ ಎಳೆದಾಗಿತ್ತು.

ಮೂರ್ತಿ ಒಂದು ಮೊಳ ಎತ್ತರ. ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು. ಎರಡೂ ಕೈ ಹೊಟ್ಟೆಯ ಮೇಲೆ. ಅದನ್ನು ಮೇಜಿನ ಮೇಲಿಟ್ಟು, ಎಲ್ಲರೂ ಮಂಡಿಯೂರಿ ಜಪಮಾಲೆ ಹಿಡಿದರು. ಒಬ್ಬರು ಅರ್ಧ ಹೇಳಿದರೆ ಉಳಿದವರು ಉಳಿದರ್ಧ. ಒಂದೇ ಮಾತು ಮತ್ತೆ ಮತ್ತೆ. ಇಂಥ ಪುನರಾವರ್ತನೆ ಮೆದುಳಿಗೆ ಏನು ಮಾಡುತ್ತದೆ ಎಂದು ನಾನು ವಿವರಿಸಬಲ್ಲೆ. ವಿವರಿಸುತ್ತ ಕೂತಿದ್ದೆ ಕೂಡ, ನನಗೆ ನಾನೇ. ಆಗ ಆ ಪರಭಾಷೆಯ ನಡುವೆ “ವೇಣಿ” ಎಂಬ ಎರಡು ಅಕ್ಷರ ಕೇಳಿತು. ಪ್ರತಿ ಹತ್ತು ಮಣಿಗೊಮ್ಮೆ ಅವರು ಅವಳ ಹೆಸರು ಹೇಳುತ್ತಿದ್ದರು. ನನ್ನ ವಿವರಣೆ ಅಲ್ಲಿಗೆ ನಿಂತಿತು.

ಎಲ್ಲರೂ ಹೋದ ಮೇಲೆ ಅಕ್ಕ ಪೆಟ್ಟಿಗೆ ತೆರೆದಳು. ಹಸಿರು ಕಣವನ್ನು ಮೂರ್ತಿಯ ನಡುವಿಗೆ ಸುತ್ತಿ ಮುಂದೆ ಮಡಿಲು ಬರುವಂತೆ ಕಟ್ಟಿದಳು. ಅದರಲ್ಲಿ ಅಕ್ಕಿ, ಉತ್ತತ್ತಿ, ಅರಿಶಿಣ ಬೇರು, ಕೊಬ್ಬರಿ ಚೂರು. ಎರಡೂ ಕೈ ಹೊಟ್ಟೆಗೆ ಅಂಟಿದ್ದರಿಂದ ಬಳೆಯನ್ನು ದಾರದಿಂದ ತೋಳಿಗೆ ಕಟ್ಟಿದಳು. ಕುಂಕುಮದ ಭರಣಿ ತೆಗೆದಾಗ ನಾನು ಕೈ ಹಿಡಿದೆ.

“ಅಕ್ಕಾ, ಹಳೇ ಮೂರ್ತಿ. ಬಣ್ಣ ಹತ್ತಿದ್ರ ಹೋಗಂಗಿಲ್ಲ. ಅವ್ರ ದೇವ್ರು ಅದು.”

“ದೇವ್ರಿಗೆಲ್ಲಿ ಮಾಡಾಕತ್ತೀನಿ? ಬಸುರಿ ಹೆಣ್ಮಗಳಿಗೆ ಮಾಡಾಕತ್ತೀನಿ. ಮನಿಗಿ ಬಂದಾಕಿ ಬರೇ ಉಡೀಲೆ ಹೋಗ್ತಾಳೇನು?” ಎಂದಳು. ಆಮೇಲೆ ಸಣ್ಣ ದನಿಯಲ್ಲಿ, “ನನ್ನ ಮಗಳಿಗಂತೂ ಆಗ್ಲಿಲ್ಲ.”

ನಾನು ಕೈ ಬಿಟ್ಟೆ. ಅವಳೂ ಕುಂಕುಮವನ್ನು ಹಣೆಗೆ ಹಚ್ಚದೆ ಪಾದದ ಹತ್ತಿರದ ಪೀಠಕ್ಕೆ ಹಚ್ಚಿದಳು.

ಶುಕ್ರವಾರ

ಬೆಳಿಗ್ಗೆ ಆಸ್ಪತ್ರೆಗೆ ಹೋದೆವು. ಬಿ.ಪಿ. ಇಳಿದಿರಲಿಲ್ಲ. ಇವತ್ತೇ ಆಪರೇಷನ್ ಎಂದರು. ಒಳಗೆ ಗಂಡನಿಗೆ ಮಾತ್ರ ಜಾಗ. ಅಕ್ಕ ಗಾಜಿನ ಬಾಗಿಲ ಹೊರಗಿಂದ ಮಗಳನ್ನು ನೋಡಿದಳು. ಇಬ್ಬರೂ ಅಳಲಿಲ್ಲ. ಅಕ್ಕ ಕೈಸನ್ನೆಯಲ್ಲೇ ಮಗಳಿಗೆ ಕೂದಲು ಗಂಟು ಹಾಕಿಕೋ ಎಂದಳು, ವೇಣಿ ಹಾಕಿಕೊಂಡಳು.

ಕಾರಿಡಾರಿನ ತುದಿಯಲ್ಲಿ ಒಂದು ಪ್ರಾರ್ಥನೆಯ ಕೋಣೆ ಇತ್ತು. ನಾಲ್ಕು ಬೆಂಚು, ಎಲೆಗಳ ಸಿಂಬಿ, ಬತ್ತಿ. ಕೂರಲು ಬೇರೆಲ್ಲೂ ಕುರ್ಚಿ ಇಲ್ಲ ಎಂದು ಒಳಗೆ ಹೋದೆ. ಕುರ್ಚಿ ಇತ್ತೋ ಏನೋ, ಈಗ ಖಾತ್ರಿಯಿಲ್ಲ. ಅಲ್ಲಿ ನಾನು ಏನು ಮಾಡಿದೆ ಎಂಬುದನ್ನು ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ. ಯಾರನ್ನೂ ಏನನ್ನೂ ಬೇಡಲಿಲ್ಲ. ಬೇಡಲು ಎದುರಿಗೆ ಯಾರೂ ಇರಲಿಲ್ಲ. ಆದರೆ ಒಳಗಿನ ಗಡಿಬಿಡಿ ಮಾತೆಲ್ಲ ತೀರಿಹೋಗಿ, ಕೈಲಾಗದವನಾಗಿ ಸುಮ್ಮನೆ ಕೂತೆ. ಕೂತು ಕಾದೆ. ಮಾರ್ಟಿನ್ ಊಟದ ಮೇಜಿನಲ್ಲಿ ಹೇಳಿದ್ದು ಇದೇ ಇರಬಹುದು ಅನ್ನಿಸಿತು. ಅದಕ್ಕೆ ಪ್ರಾರ್ಥನೆ ಎಂಬ ಹೆಸರಿಡಬಹುದೋ ಇಲ್ಲವೋ, ಅದು ಬೇರೆ ಚರ್ಚೆ.

ಫೋನು ಮಾಡುತ್ತೇನೆ, ಮನೆಗೆ ಹೋಗಿ ಎಂದು ಮಾರ್ಟಿನ್ ಒತ್ತಾಯ ಮಾಡಿ ಕಳಿಸಿದ. ಮುಸ್ಸಂಜೆ ಆಯಿತು, ಫೋನಿಲ್ಲ. ಬಾಗಿಲು ಬಡಿದ ಸದ್ದು. ರೋಸಾ ಮತ್ತು ನಾಲ್ಕೈದು ಜನ, ಕಂದೀಲು ಹಿಡಿದು ನಿಂತಿದ್ದರು. ಮೂರ್ತಿಯನ್ನು ಸೆಪ್‌ನ ಮನೆಗೆ ಒಯ್ಯಬೇಕು.

ಅಕ್ಕ ಬಾಗಿಲಿಗೆ ಅಡ್ಡ ನಿಂತಳು.

“ಕಳಸಂಗಿಲ್ಲ ಅಂತ ಹೇಳು.”

“ಅಕ್ಕಾ, ಇವತ್ತು ಆ ಅಜ್ಜನ ಪಾಳಿ.”

“ಇವತ್ತು ಶುಕ್ರವಾರ. ಶುಕ್ರವಾರ ಮನಿ ಹೆಣ್ಮಗಳನ್ನ ಕಳಿಸ್ತಾರೇನು? ಅದೂ ದೀಪ ಹಚ್ಚೋ ಹೊತ್ತಿನ್ಯಾಗ, ತುಂಬಿದ ಬಸುರಿನ್ನ, ಉಡಿ ತುಂಬಿದ ಮ್ಯಾಲೆ? ನಿಮ್ಮವ್ವ ನಿಂಗ ಇಷ್ಟೂ ಕಲಿಸ್ಲಿಲ್ಲೇನು?”

“ನಮ್ಮಿಬ್ರಿಗೂ ಒಬ್ಬಾಕೇ ಅವ್ವ.”

“ಮತ್ತ ಗೊತ್ತಿದ್ದೂ ಕೇಳ್ತಿಯಲ್ಲಲೇ!”

ರೋಸಾ ನನ್ನ ಮುಖ ನೋಡಿದಳು. ನಾನು, ಪಂಚಾಂಗ ನೋಡುವವರನ್ನು ಸ್ಟಾಫ್ ರೂಮಿನಲ್ಲಿ ಗೇಲಿ ಮಾಡುವವನು, ಆಸ್ಟ್ರಿಯಾದ ಒಂದು ಹೊಸ್ತಿಲಲ್ಲಿ ನಿಂತು ಶುಕ್ರವಾರ ಹೆಣ್ಣುಮಕ್ಕಳನ್ನು ಏಕೆ ಕಳಿಸಬಾರದು ಎಂದು ಇಂಗ್ಲಿಷಿನಲ್ಲಿ ವಾದ ಮಾಡಿದೆ. ನಮ್ಮ ಕಡೆ ಮನೆಗೆ ಬಂದ ಮಗಳು ಲಕ್ಷ್ಮಿ ಎಂದೆ. ಶುಕ್ರವಾರ ಹೋದರೆ ಮನೆಯ ಒಳಿತೂ ಅವಳ ಹಿಂದೆ ಹೋಗುತ್ತದೆ ಎಂದೆ. ನಾನು ನಂಬುವುದಿಲ್ಲ ಎಂದು ಸೇರಿಸಲು ಬಾಯಿ ತೆರೆದೆ. ಅಕ್ಕ ಎರಡೂ ಕೈಯಿಂದ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆ ಮಾತು ನುಂಗಿದೆ. ಈ ಮೂರ್ತಿಯನ್ನು ಈ ಹೊತ್ತಿನಲ್ಲಿ ಹೊರಗೆ ಕಳಿಸಿದರೆ ತನ್ನ ಮಗಳನ್ನೇ ಕಳಿಸಿದಂತೆ ಎಂದು ಅವಳಿಗೆ ಅನ್ನಿಸಿದೆ, ಅದಕ್ಕೆ ಯಾವ ವಾದವೂ ನಡೆಯುವುದಿಲ್ಲ ಎಂದು ಮಾತ್ರ ಹೇಳಿದೆ.

ರೋಸಾ ಹಿಂದೆ ತಿರುಗಿ ಒಬ್ಬನನ್ನು ಸೆಪ್‌ನ ಮನೆಗೆ ಕಳಿಸಿದಳು. ಆ ಹೊತ್ತಿನ ನಾಚಿಕೆ ನನಗೆ ಚೆನ್ನಾಗಿ ನೆನಪಿದೆ. ಮನೆ ತೊಳೆದು, ಒಲೆ ಹಚ್ಚಿ ಕಾದಿರುವ ಮುದುಕನ ಅತಿಥಿಯನ್ನು ನಾವು ಹಿಡಿದಿಟ್ಟುಕೊಂಡಿದ್ದೆವು.

ಸೆಪ್ ಬಂದ. ಹೊಸ ಕೋಟು ಹಾಕಿದ್ದ, ಗಡ್ಡ ನೀಟಾಗಿ ಬೋಳಿಸಿದ್ದ. ಒಳಗೆ ಬಂದು ಮೂರ್ತಿಯ ಮುಂದೆ ಬಗ್ಗಿದ. ಹಸಿರು ಮಡಿಲಲ್ಲಿದ್ದ ಅಕ್ಕಿಯನ್ನು ಒಂದು ಬೆರಳಿಂದ ಮುಟ್ಟಿದ. ರೋಸಾ ಅವನಿಗೆ ಎಲ್ಲ ಹೇಳಿದಳು. ಅವನು ಅಕ್ಕನನ್ನು ನೋಡಿ ಎರಡು ಮಾತು ಆಡಿದ. ರೋಸಾ ಅದನ್ನು ಇಂಗ್ಲಿಷಿಗೆ ತಂದಳು.

“ಇವಳನ್ನು ಒಳಗೆ ಬಿಡದವರ ಹಾಡನ್ನು ಹುಟ್ಟಿದಾಗಿನಿಂದ ಹಾಡಿದ್ದೇನೆ. ಹೊರಗೆ ಬಿಡದವರನ್ನು ನೋಡಿದ್ದು ಇವತ್ತೇ. ಇರಲಿ. ಇಲ್ಲೇ ಇರಲಿ.”

ನಾನು ಅಕ್ಕನಿಗೆ ಹೇಳಿದೆ. ಅವಳು ಸೆಪ್‌ನ ಎರಡೂ ಕೈ ಹಿಡಿದುಕೊಂಡು, “ನಿಮ್ಮ ಪಾಳಿ ನಾ ಕಸ್ಕೊಂಡೀನಪಾ, ತಿರುಗಿ ಕೊಡ್ತೀನಿ,” ಎಂದಳು. ಅದನ್ನು ಯಾರೂ ಅನುವಾದ ಮಾಡಲಿಲ್ಲ. ಅವನು ತಲೆಯಾಡಿಸಿದ.

ಯಾರೂ ಹೊರಡಲಿಲ್ಲ. ಬೂಟು ಬಿಚ್ಚಿ, ಅಲ್ಲೇ ಮಂಡಿಯೂರಿ ಜಪಮಾಲೆ ಶುರು ಮಾಡಿದರು. ಸೆಪ್‌ಗೆ ಮಂಡಿ ಬಗ್ಗದೆ ಕುರ್ಚಿಯಲ್ಲಿ ಕೂತ. ಅಕ್ಕ ಕಂಬಳಿ ಹಾಸಿಕೊಂಡು ಕೂತು, ಮಣಿಯಿಲ್ಲದೆ ಬೆರಳ ಗೆಣ್ಣು ಎಣಿಸುತ್ತ, ತನ್ನ ಮೈಲಾರಲಿಂಗನನ್ನು ನೆನೆಯುತ್ತಿದ್ದಳು. ಎರಡು ಭಾಷೆಯ ಗುನುಗು ಒಂದರ ಮೇಲೊಂದು ಬಿದ್ದು ಏರುತ್ತಿತ್ತು. ನಾನು ಕಂದೀಲಿನ ಬತ್ತಿ ಸರಿ ಮಾಡುತ್ತಿದ್ದೆ.

ಫೋನು ಆಗ ಬಂತು. ಅಥವಾ ಅದಾದ ಮೇಲೆ.

ಮೊದಲು ಮಾರ್ಟಿನ್‌ನ ಉಸಿರು ಮಾತ್ರ ಕೇಳುತ್ತಿತ್ತು. ನಾನು ಹಲೋ, ಹಲೋ ಎಂದೆ. ಕೋಣೆಯಲ್ಲಿ ಎಲ್ಲರ ಕೈ ಮಣಿಯ ಮೇಲೆ ನಿಂತಿತು. ಕೊನೆಗೆ ಅವನಿಗೆ ಇಂಗ್ಲಿಷ್, ಜರ್ಮನ್ ಯಾವುದೂ ಹೊಳೆಯದೆ, “ಊಟ ಆತೇನ್ರಿ ಮಾಮಾ?” ಎಂದ. ಎಂದು ಅತ್ತ. ಆ ಅಳು ಎಂಥದು ಎಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ಹೆಣ್ಣು ಕೂಸು. ಸಣ್ಣದು, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ, ತಾನಾಗಿ ಉಸಿರಾಡುತ್ತಿದೆ. ವೇಣಿಗೆ ಎಚ್ಚರವಿದೆ, ಬಿ.ಪಿ. ಇಳಿಯುತ್ತಿದೆ.

ನಾನು ಅಕ್ಕನಿಗೆ ಹೇಳುವ ಮುಂಚೆಯೇ ಅವಳು ನನ್ನ ಮುಖ ನೋಡಿ ತಿಳಿದಿದ್ದಳು. ಎದ್ದು ಹೋಗಿ ಅಂಟಿನುಂಡಿಯ ಡಬ್ಬಿ ತಂದು ಎಲ್ಲರ ಕೈಗೂ ಒಂದೊಂದು ಇಟ್ಟಳು. ಬಾಣಂತಿಯದು ಎಂದು ನಾನು ನೆನಪಿಸಿದೆ. “ಮತ್ತ ಕಟ್ಟಿದ್ರಾತು ಬಿಡೋ,” ಎಂದಳು. ಸೆಪ್ ಹಲ್ಲಿಲ್ಲದ ಕಡೆಯಲ್ಲಿ ಉಂಡಿ ಇಟ್ಟುಕೊಂಡು ಬಹಳ ಹೊತ್ತು ಚೀಪಿದ. ನನ್ನ ಮಟ್ಟಿಗೆ ಹೇಳುವುದಾದರೆ, ಗೋಡೆಗೆ ಒರಗಿ ಕೂತೆ. ಮನುಷ್ಯನ ಮೈಯಲ್ಲಿ ಹಗುರ ಎನ್ನುವುದಕ್ಕೆ ಅಷ್ಟು ತೂಕ ಇರುತ್ತದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಶನಿವಾರ

ಮರುದಿನ ಮುಸ್ಸಂಜೆ ಮರಿಯಮ್ಮ ಹೊರಟಳು, ಪಾಳಿ ಕಳೆದುಹೋದ ಸೆಪ್‌ನ ಮನೆ ದಾಟಿ ಅದರ ಮುಂದಿನ ಮನೆಗೆ. ಅಕ್ಕ ತಾನೇ ಎತ್ತಿ ರೋಸಾಳ ಕೈಗೆ ಕೊಟ್ಟು, ಹಸಿರು ಕಣದ ಗಂಟು ಇನ್ನಷ್ಟು ಬಿಗಿ ಮಾಡಿದಳು. ಬಿಚ್ಚುತ್ತಾರೆಂದು ನಾನು ಅಂದುಕೊಂಡಿದ್ದೆ. ಯಾರೂ ಬಿಚ್ಚಲಿಲ್ಲ.

ಅದಕ್ಕೂ ಮುಂಚೆ, ಬೆಳಿಗ್ಗೆಯೇ ನಾವು ಆಸ್ಪತ್ರೆಗೆ ಹೋಗಿದ್ದೆವು. ಗಾಜಿನಾಚೆ ಕೂಸು, ಮೂಗಿಗೆ ಹಾಲಿನ ನಳಿಕೆ, ತಲೆಗೆ ಉಣ್ಣೆಯ ಟೊಪ್ಪಿಗೆ. ವೇಣಿ ಬಿಳಿಚಿಕೊಂಡಿದ್ದಳು, ಆದರೆ ಊದಿದ ಮುಖ ಇಳಿದು ನಮ್ಮ ವೇಣಿಯಾಗಿದ್ದಳು. ಅಕ್ಕ ಕೂಸನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, “ಥೇಟ್ ಮರಿ ಇದ್ದಂಗ ಐತಿ,” ಎಂದಳು. ಕುರಿಯವರಿಗೆ ಅದಕ್ಕಿಂತ ಹೆಚ್ಚಿನ ಮಾತಿಲ್ಲ. ಮಾರ್ಟಿನ್‌ಗೆ ನಾನು ಅನುವಾದಿಸಿದಾಗ ಅವನಿಗೂ ಅದು ಸರಿಯೆನಿಸಿತು.

ಮನೆಗೆ ಬಂದ ಮೇಲೆ ಮಾರ್ಟಿನ್ ಮೇಜಿನ ಮೇಲಿನ ನಾಲ್ಕು ಬತ್ತಿಯನ್ನೂ ಹಚ್ಚಿದ. ಇನ್ನೂ ಒಂದು ಭಾನುವಾರ ಬಾಕಿ ಇತ್ತು. ಹಚ್ಚಿ ಅಕ್ಕನ ಕಡೆ ನೋಡಿದ. ಅಕ್ಕ ಒಂದನ್ನು ಆರಿಸಿದಳು, ಈ ಸಲ ಕೈಯಿಂದ. “ಕಾಯೋದು ಕಾಯಬೇಕಪಾ,” ಎಂದಳು.

ಹಗರಿಬೊಮ್ಮನಹಳ್ಳಿ

ಕೂಸನ್ನು ಮನೆಗೆ ಕರೆತಂದ ದಿನ ನನಗೆ ಅತ್ಯಂತ ಸ್ಪಷ್ಟವಾಗಿ ನೆನಪಿದೆ. ಕಾರು ವೇಣಿಯ ಮನೆಯ ಮುಂದೆ ನಿಲ್ಲದೆ ಸೆಪ್‌ನ ಮನೆಯ ಮುಂದೆ ನಿಂತಿತು. ಅವನು ಟೊಪ್ಪಿಗೆ ಕೈಯಲ್ಲಿ ಹಿಡಿದು ಬಾಗಿಲಲ್ಲಿದ್ದ. ಅಕ್ಕ ಕರಿ ಕಂಬಳಿಯಲ್ಲಿ ಸುತ್ತಿದ ಕೂಸನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಒಳಗೆ ಒಲೆಯಲ್ಲಿ ಸೌದೆ ಚಟಪಟ ಅನ್ನುತ್ತಿತ್ತು. ಮೇಣದ ವಾಸನೆ, ಕುರಿಯ ವಾಸನೆ. ಸೆಪ್ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ, ಆಮೇಲೆ ಕೈ ಚಾಚಿದ.

ತೊಂದರೆ ಏನೆಂದರೆ, ಆ ದಿನ ನಾನು ಅಲ್ಲಿರಲಿಲ್ಲ. ಕ್ರಿಸ್‌ಮಸ್ ಮುಗಿದ ಕೂಡಲೇ ಕಾಲೇಜಿಗೆಂದು ಮರಳಿದ್ದೆ. ಕೂಸು ವಾರಗಟ್ಟಲೆ ಆಸ್ಪತ್ರೆಯಲ್ಲೇ ಇತ್ತು, ಅಕ್ಕ ಅಲ್ಲೇ ಉಳಿದಿದ್ದಳು. ಅದು ಮನೆಗೆ ಬಂದ ಹೊತ್ತಿಗೆ ನಾನು ಹಗರಿಬೊಮ್ಮನಹಳ್ಳಿಯಲ್ಲಿ ಹಾಜರಿ ಕೂಗುತ್ತಿದ್ದಿರಬೇಕು. ನನ್ನ ತಲೆಯಲ್ಲಿರುವ ಒಲೆ, ವಾಸನೆ, ಒರೆಸಿದ ಅಂಗೈ, ಎಲ್ಲವೂ ಅಕ್ಕ ಫೋನಿನಲ್ಲಿ ಹೇಳಿದ್ದಕ್ಕೆ ನಾನು ಹಚ್ಚಿದ ಬಣ್ಣ. ಅಕ್ಕನೋ, ಹಿಮ ಬೀಳದ ದಿನ ಹಿಮ ಬೀಳಿಸಬಲ್ಲವಳು. ಇಷ್ಟು ಚೆಂದವಾಗಿ ಮುಗಿಯುವ ಯಾವುದರ ಮೇಲೂ ನನಗೆ ಅನುಮಾನ.

ಹಾಗಾಗಿ ಒಂದನ್ನಾದರೂ ಪರೀಕ್ಷಿಸೋಣವೆಂದು, ಅಕ್ಕನಿಗೆ ತಿಳಿಸದೆ, ಮಾರ್ಟಿನ್ ಮತ್ತು ವೇಣಿಯನ್ನು ಬೇರೆ ಬೇರೆಯಾಗಿ ಕೇಳಿದೆ. ಆಸ್ಪತ್ರೆಯಿಂದ ಬಂದ ದಿನ ಕೂಸನ್ನು ಮೊದಲು ಯಾವ ಮನೆಗೆ ಒಯ್ದಿರಿ?

ಮಾರ್ಟಿನ್ ಒಂದೇ ಪದ ಬರೆದು ಕಳಿಸಿದ. ಸೆಪ್.

ವೇಣಿ ಫೋನಿನಲ್ಲಿ ನಕ್ಕಳು. “ಸೆಪ್ ಅಜ್ಜನ ಮನಿಗೇ ಮಾಮಾ. ನಮ್ಮ ಮನಿ ದಾಟಿ ಹೋದ್ವಿ. ಅವ್ವ ಕಾರಿನ್ಯಾಗ ಕುಂತು ಒಂದ ಸಮ ಹಟ ಹಿಡಿದಿದ್ಲು, ಮೊದ್ಲು ಅವ್ರ ಪಾಳಿ ಅಂತ. ಕೂಸಿಗಿ ಅಲ್ಲೇ ಹಾಲು ಕುಡಿಸೀನಿ, ಅಲ್ಲೇ ಮಲಗಿತ್ತು. ಆ ರಾತ್ರಿ ನಾವೆಲ್ಲ ಅಲ್ಲೇ ಇದ್ವಿ.”